ಕಿಟಕಿಗೆ ಕಟ್ಟಿದ ದಾರ

ಫೆಬ್ರವರಿ 11

ಅಪ್ಪಾ,

ಫೋನ್ ಮಾಡಿದ್ರೆ ನಿನಗೆ ಕಿವಿ ಕೇಳಲ್ಲ. ಕಿವಿ ಕೇಳುವವರು ಎತ್ತುತ್ತಾರೆ, ಅವರ ಹತ್ತಿರ ನನಗೆ ಮಾತಿಲ್ಲ. ಅದಕ್ಕೇ ಕಾಗದ. ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಊಟ ಈಗ ತಾನೇ ಮುಗೀತು. ಈರುಳ್ಳಿ ಮೂಟೆ ಮೇಲೆ ಕೂತು, ತರಕಾರಿ ಹೆಚ್ಚೋ ಮಣೆ ತೊಡೆ ಮೇಲಿಟ್ಕೊಂಡು ಬರೀತಿದ್ದೀನಿ. ಕಾಗದಕ್ಕೆ ಬೆಳ್ಳುಳ್ಳಿ ವಾಸನೆ ಬಂದ್ರೆ ಹೊಟ್ಟೆಗೆ ಹಾಕ್ಕೋ.

ಅಮ್ಮನ ದೊಡ್ಡಪತ್ರೆ ಕುಂಡ ಒಡೆದ ಸುದ್ದಿ ಓದಿದ ಮೇಲೆ ಊಟ ಸೇರಲಿಲ್ಲ. ಅಮ್ಮ ಹೋಗಿ ಮೂರು ವರ್ಷ ಆಯ್ತು, ಅಷ್ಟೂ ದಿನ ಆ ಕುಂಡ ಒಂದಿಂಚು ಅಲ್ಲಾಡಿರಲಿಲ್ಲ. ನೀನು ಮದುವೆ ಮಾಡ್ಕೊಂಡು, ಅವರು ಸಾಮಾನು ಸಮೇತ ಮನೆಗೆ ಬಂದ ವಾರವೇ ಒಡೀತು. ಬೀರು ಸಾಗಿಸುವಾಗ ತಾಗಿತು ಅಂತ ಬರೆದಿದ್ದೀಯ. ಬೀರು ತಾನಾಗೇ ನಡೆಯಲ್ಲಪ್ಪ, ಯಾರೋ ತಳ್ಳಿರ್ತಾರೆ. ಹೋಗಲಿ, ಹೆಚ್ಚು ಹೇಳಲ್ಲ.

ಗಿಡವನ್ನ ಅಮ್ಮನ ಹಾಲಿನ ಪಾತ್ರೆಗೆ ನೆಟ್ಟಿದ್ದೀಯಲ್ಲ, ಅದು ಒಳ್ಳೇದು ಮಾಡಿದೆ. ಆದ್ರೆ ಪಾತ್ರೆ ತಳಕ್ಕೆ ನಾಲ್ಕು ತೂತು ಬೇಕೇ ಬೇಕು. ಇಲ್ಲದಿದ್ರೆ ನೀರು ಹೋಗೋಕೆ ದಾರಿ ಇರಲ್ಲ, ಬೇರು ಕೊಳೆಯುತ್ತೆ. ದೊಡ್ಡಪತ್ರೆ ದಪ್ಪ ಎಲೆಯದು, ತನಗೆ ಬೇಕಾದ ನೀರು ಎಲೆಯಲ್ಲೇ ಇಟ್ಕೊಂಡಿರುತ್ತೆ. ದಿನ ಬಿಟ್ಟು ದಿನ ಒಂದು ಲೋಟ ನೀರು, ಅದಕ್ಕಿಂತ ಹೆಚ್ಚು ಬೇಡ. ಬಿಸಿಲು ಬೀಳೋ ಕಿಟಕಿಯಲ್ಲಿಡು.

ಬೀಗದ ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗಲ್ಲ ಅಂತ ಗೋಳಾಡ್ತೀಯಲ್ಲ, ಇನ್ನೂ ಎರಡು ಮೂರು ಸೊಪ್ಪು ಹಾಕು. ಹಳೇ ಎಣ್ಣೆ ಡಬ್ಬ ಸಾಕು. ಕೊತ್ತಂಬರಿ ಬೀಜ ಇಡಿಯಾಗಿ ಹಾಕಬೇಡ, ಬಟ್ಟೆ ಮೇಲೆ ಹರಡಿ ಬಾಟಲಿ ಉರುಳಿಸು, ಎರಡು ಹೋಳಾಗಬೇಕು, ಪುಡಿ ಆಗಬಾರದು. ಪುದೀನಕ್ಕೆ ಬೇರೆ ಡಬ್ಬ. ಅದು ಮೊಂಡ ಗಿಡ, ಪಕ್ಕದವರನ್ನ ಬದುಕೋಕೆ ಬಿಡಲ್ಲ. ಸಬ್ಬಸಿಗೆಯನ್ನ ಕಿತ್ತು ಬೇರೆ ಕಡೆ ನೆಡೋಕೆ ಹೋಗಬೇಡ, ಎಲ್ಲಿ ಹಾಕಿದ್ಯೋ ಅಲ್ಲೇ ಬೆಳೀಲಿ. ಕ್ಯಾಂಟೀನಿನ ಹಿಂದೆ ನಾನು ಬೆಳೆಸೋದೂ ಹೀಗೇ.

ಇನ್ನೊಂದು ಮಾತು, ಬೇಜಾರಾಗಬೇಡ. ಅಮ್ಮನ ಕೈಯಿಂದ ಬಂದು ಇನ್ನೂ ಉಸಿರಾಡ್ತಿರೋದು ಅಂದ್ರೆ ಅದೊಂದೇ. ಆ ಗಿಡ ಆ ಮನೆಯಲ್ಲಿ ಸತ್ತರೆ ನಾನು ಆ ಹೊಸಿಲು ತುಳಿಯಲ್ಲ. ಕಡ್ಡಿ ಮುರಿದ ಹಾಗೆ ಹೇಳಿದ್ದೀನಿ.

ನಿನ್ನ ಮಗಳು,
ಮೆಣಸಿನಕಾಯಿ


ಫೆಬ್ರವರಿ 23

ಮೆಣಸಿನಕಾಯಿಗೆ,

ಬೆಳ್ಳುಳ್ಳಿ ವಾಸನೆ ಬಂತು. ಖಾರ ಅದಕ್ಕಿಂತ ಮೊದಲು ಬಂತು.

ತೂತು ಹಾಕೋದನ್ನ ನನಗೆ ಹೇಳಿಕೊಡ್ತೀಯಾ? ಜೀವಮಾನವೆಲ್ಲ ಬೀಗ ಕೊರೆದೇ ನಿನ್ನ ಸಾಕಿದ್ದು ಕಣಮ್ಮ. ತೂತಿನ ಚಿಂತೆ ನನಗೆ ಬಿಡು. ಎಣ್ಣೆ ಡಬ್ಬಗಳಿಗೆ ಡ್ರಿಲ್ ಹಾಕಿದ ಸದ್ದಿಗೆ ಮೇಲಿನ ಮನೆಯವರು ಇಳಿದು ಬಂದರು, ಯಾರ ಮನೆಯ ಕೀಲಿ ಕಳೆದಿದೆ ಅಂತ ಕೇಳಿದರು. ಕೊತ್ತಂಬರಿಯ ಕೀಲಿ ಅಂದೆ. ಮುಖ ಮುಖ ನೋಡ್ಕೊಂಡು ಹೋದರು.

ಪುದೀನ, ಕೊತ್ತಂಬರಿ, ಸಬ್ಬಸಿಗೆ ಮೂರೂ ಅಡುಗೆಮನೆ ಕಿಟಕಿಯಲ್ಲಿವೆ. ನಿಮ್ಮಮ್ಮನ ಗಿಡ ಮಾತ್ರ ಮೊದಲು ಎಲ್ಲಿತ್ತೋ ಅಲ್ಲೇ, ಮಲಗೋ ಕೋಣೆಯ ಕಿಟಕಿ ಬಾಗಿಲು ತೆಗೆದರೆ ಹೊರಗಡೆ ಕಟ್ಟೆ ಇದೆಯಲ್ಲ, ಅಲ್ಲಿ. ನಿನ್ನ ಚಿಕ್ಕಮ್ಮನಿಗೆ ಮೊದಲ ದಿನವೇ ಹೇಳಿದ್ದೆ, ಆ ಕಿಟಕಿಯನ್ನ ನನಗೆ ಬಿಟ್ಟುಬಿಡು ಅಂತ. ಆಯ್ತು ಅಂದಳು, ಅಷ್ಟೇ. ಮಾತು ಕಡಿಮೆ. ಪುಸ್ತಕ ಬೈಂಡಿಂಗ್ ಮಾಡೋ ಕಡೆ ಕೆಲಸ, ನಾನು ಏಳೋದರೊಳಗೆ ಡಬ್ಬಿ ಕಟ್ಕೊಂಡು ಹೊರಟಿರ್ತಾಳೆ, ಸಂಜೆ ಉಗುರಲ್ಲಿ ಗೋಂದು ಹಿಡಿಸ್ಕೊಂಡು ಬರ್ತಾಳೆ. ಅವಳಿಗೆ ಗಿಡದ ಮೇಲೆ ಹೊಟ್ಟೆಕಿಚ್ಚು ಪಡೋಕೆ ಪುರುಸೊತ್ತಾದರೂ ಎಲ್ಲಿದೆ?

ನಿನ್ನ ಕಾಗದದಲ್ಲಿ ಗಿಡದ ವಿಷಯ ಇರೋ ಪುಟವನ್ನ ಗೋಡೆಗೆ ಅಂಟಿಸಿದ್ದೀವಿ, ನನಗೆ ಮರೆವು ಅಂತ. ಅಂಟಿಸಿದ್ದು ಅವಳೇ. ಸುಕ್ಕಿಲ್ಲದೆ ಕೂತಿದೆ. ಕೊನೆಯ ಸಾಲುಗಳನ್ನ ನಾನು ಮೊದಲೇ ಒಳಗೆ ಮಡಚಿ ಕೊಟ್ಟಿದ್ದೆ.

ನಿನ್ನಪ್ಪ


ಏಪ್ರಿಲ್ 2

ಮಗಳೇ,

ಕೊತ್ತಂಬರಿ ಬಂದಿದೆ. ಮೊದಮೊದಲು ಹುಲ್ಲು ಅಂದ್ಕೊಂಡು ಕಿತ್ತುಬಿಡ್ತಿದ್ದೆ, ಕೈಗೆ ಅಂಟಿದ ವಾಸನೆ ನೋಡಿ ಬಿಟ್ಟೆ. ಸಬ್ಬಸಿಗೆ ನಾಲ್ಕು ಬೆರಳು ಎತ್ತರ. ಪುದೀನ ಡಬ್ಬದಿಂದ ಆಚೆ ಇಣುಕಿ ಬೀದಿ ನೋಡ್ತಿದೆ. ಕುಡಿ ಚಿವುಟಿದಷ್ಟೂ ಕವಲೊಡೆಯುತ್ತೆ ಅಂತ ನೀನು ಹಿಂದೆ ಯಾವಾಗಲೋ ಹೇಳಿದ್ದು ನಿಜ.

ದೊಡ್ಡಪತ್ರೆ ಒಂದು ಚೂರು ಸೊರಗಿದೆ. ಕೆಳಗಿನ ಎಲೆ ಹಳದಿಯಾಗಿ, ಮುಟ್ಟಿದರೆ ಉದುರುತ್ತೆ. ಬುಡದ ಹತ್ತಿರ ಕಾಂಡ ಕಂದು ಬಣ್ಣಕ್ಕೆ ತಿರುಗಿದೆ. ನೀನು ಗಾಬರಿ ಆಗಬೇಡ. ಗಾಬರಿ ಆಗ್ತೀಯ ಅಂತ ಗೊತ್ತು, ಬರೀದೆ ಇದ್ರೆ ಆಮೇಲೆ ನನ್ನ ಗತಿ ಏನು ಅಂತಲೂ ಗೊತ್ತು.

ನಿನ್ನಪ್ಪ


ಏಪ್ರಿಲ್ 9

ಅಪ್ಪಾ,

ಮೂರು ಗಿಡ ನಗ್ತಿವೆ, ಒಂದು ಸಾಯ್ತಿದೆ. ಮಣ್ಣು ಅದೇ, ನೀರು ಅದೇ, ನಲ್ಲಿ ಅದೇ, ಕೈ ಅದೇ. ಬರೀ ಅಮ್ಮನ ಗಿಡವನ್ನ ಹುಡುಕ್ಕೊಂಡು ಬರೋ ಕಾಯಿಲೆ ಯಾವುದಪ್ಪ? ನನಗೆ ಗೊತ್ತಿರೋ ಹಾಗೆ ಗಿಡದ ಕಾಯಿಲೆಗೆ ಯಾರ ಗಿಡ ಯಾರದು ಅಂತ ಗೊತ್ತಿರಲ್ಲ. ಮನುಷ್ಯರಿಗೆ ಗೊತ್ತಿರುತ್ತೆ.

ಮಣ್ಣು ಮೂಸಿ ನೋಡು. ಸೋಪಿನ ವಾಸನೆ ಇದ್ಯಾ? ಬಟ್ಟೆ ತೊಳೆದ ನೀರು ಸುರಿದ್ರೂ ಹೀಗೇ ಆಗುತ್ತೆ. ಬಿಸಿ ನೀರು ಸುರಿದ್ರೂ ಬುಡ ಹೀಗೇ ಬೆಂದ ಹಾಗೆ ಆಗುತ್ತೆ. ಮೇಲೆ ಬೆರಳಿಟ್ಟು ನೋಡು, ಮಣ್ಣು ಒಣಗಿದ್ಯೋ ಒದ್ದೆ ಇದ್ಯೋ.

ನೀನು ಅವರನ್ನ ವಹಿಸ್ಕೊಂಡು ಬರೀತೀಯ. ಬರಿ. ಮಾತು ಕಡಿಮೆ ಅಂತೀಯ, ಅದೇ ನನಗೆ ಭಯ. ಜಗಳ ಆಡೋರಾದ್ರೆ ಬೈದು ಸುಮ್ಮನಾಗ್ತಾರೆ. ಒಂದು ಮಾತೂ ಆಡದೆ ಆಯ್ತು ಅನ್ನೋರ ಹೊಟ್ಟೆಯಲ್ಲಿ ಏನಿದೆ ಅಂತ ನಿನಗೆ ಹೇಗೆ ಗೊತ್ತು? ಬೆಳಿಗ್ಗೆ ನೀನು ಏಳೋಕೆ ಮುಂಚೆ ಆ ಮನೆಯಲ್ಲಿ ಓಡಾಡೋರು ಅವರೊಬ್ಬರೇ. ಪಾತ್ರೆ ಬಿದ್ದರೂ ನಿನಗೆ ಕೇಳಲ್ಲ.

ಈ ನನ್ನ ಅಡುಗೆಮನೆಯಲ್ಲಿ ಉಪ್ಪು ಹಾಕೋದು ನಾನೊಬ್ಬಳೇ. ಆರು ಜನ ಕೆಲಸ ಮಾಡ್ತಾರೆ, ಬೇರೆ ಯಾರೂ ಉಪ್ಪಿನ ಡಬ್ಬಿ ಮುಟ್ಟೋ ಹಾಗಿಲ್ಲ. ಯಾಕೆ ಹೇಳು? ಕೆಟ್ಟರೆ ಯಾರ ಕೈ ಅಂತ ಗೊತ್ತಿರಬೇಕು. ನಿನ್ನ ಮನೆಯಲ್ಲೂ ಯಾರ ಕೈ ಅಂತ ಗೊತ್ತಾಗಲಿ. ಅಂಗಡಿ ಹುಡುಗರ ಮೇಲೆ ಅನುಮಾನ ಬಂದಾಗ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಹೋಗ್ತಿದ್ಯಲ್ಲ, ಬೀಗ ತೆಗೆಯೋನು ದಾರ ನೋಡಲ್ಲ ಅಂತ. ಆ ಕಿಟಕಿಗೂ ಒಂದು ಕಟ್ಟು.

ನಿನ್ನ ಮಗಳು


ಏಪ್ರಿಲ್ 27

ಮಗಳೇ,

ಕಾಗದ ಓದಿ ಒಂದು ವಾರ ಸುಮ್ಮನಿದ್ದೆ. ಊರಿನವರ ಮನೆಗೆಲ್ಲ ಬೀಗ ಹಾಕಿಕೊಟ್ಟವನು ನಾನು. ನನ್ನ ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಯಾವತ್ತೂ ಬೀಗ ಹಾಕಿದವನಲ್ಲ. ನಿಮ್ಮಮ್ಮ ಇದ್ದಾಗಲೂ ಇಲ್ಲ. ಆದರೆ ನೀನು ತಲೆಗೆ ಹುಳ ಬಿಟ್ಟೆ. ಗಿಡ ನೋಡಿದಾಗೆಲ್ಲ ಅದು ಕೊರೆಯೋಕೆ ಶುರು ಮಾಡಿತು. ಇನ್ನೂ ಎರಡು ಎಲೆ ಉದುರಿತು, ಮಾರನೇ ದಿನ ಕಟ್ಟಿಬಿಟ್ಟೆ.

ಕಿಟಕಿ ಹಿಡಿಯಿಂದ ಪಕ್ಕದ ಸರಳಿಗೆ ಒಂದೆಳೆ ದಾರ. ಬಿಚ್ಚದೆ ಬಾಗಿಲು ತೆಗೆಯೋಕೆ ಆಗಲ್ಲ. ಮನೆಯಲ್ಲಿ ಸಿಕ್ಕಿದ ದಾರವೇ. ನನ್ನ ಗಂಟು ನಿನಗೆ ಗೊತ್ತಲ್ಲ, ಎರಡು ಸುತ್ತು ಹಾಕಿ ಬಾಲ ಒಳಗೆ ಸಿಕ್ಕಿಸೋದು, ಕೀಲಿಗೊಂಚಲಿಗೆ ಹಾಕೋ ಹಾಗೆ.

ಎರಡನೇ ದಿನ ಬೆಳಿಗ್ಗೆ ಎದ್ದು ನೋಡಿದೆ. ದಾರ ಇದ್ದಲ್ಲೇ ಇತ್ತು. ಗಂಟು ನನ್ನದಲ್ಲ. ಚಪ್ಪಟೆ ಗಂಟು, ಪುಟಾಣಿ, ನೀಟಾಗಿದೆ. ನಾನು ಮತ್ತೆ ನನ್ನ ಗಂಟು ಹಾಕಿದೆ. ಮುಂದಿನ ಸಲವೂ ಅದೇ ಕಥೆ. ಅವಳು ಸಂಜೆ ಬಂದಾಗ ಮುಖ ನೋಡಿದೆ. ಯಾವತ್ತಿನ ಹಾಗೇ ಇದ್ದಳು. ನನಗೆ ಬಡಿಸಿದಳು, ತಾನು ಊಟ ಮಾಡಿದಳು, ಗೋಂದು ಹಿಡಿದ ಉಗುರನ್ನ ಪಿನ್ನಿನಿಂದ ಕೆರೆದುಕೊಂಡಳು. ಕೇಳಿಬಿಡೋಣ ಅಂತ ಬಾಯಿ ತೆಗೆದೆ. ಏನು ಅಂದಳು. ಏನಿಲ್ಲ ಅಂದೆ.

ಮಣ್ಣು ಮೂಸಿದೆ. ಸೋಪಿನ ವಾಸನೆ ಇಲ್ಲ. ಏನೋ ಒಂಥರಾ ಹುಳಿ ವಾಸನೆ. ಮೇಲೆ ಒಣಗಿದೆ.

ಏನು ಮಾಡಲಿ ಹೇಳು.

ನಿನ್ನಪ್ಪ


ಮೇ 3

ಅಪ್ಪಾ,

ಇನ್ನೂ ಏನು ಮಾಡಲಿ ಅಂತ ಕೇಳ್ತೀಯಾ? ಮುಟ್ಟಬೇಡ ಅಂದ ಕಿಟಕಿಯನ್ನ ಕದ್ದು ತೆಗೀತಾರೆ, ತೆಗೆದಿದ್ದು ಗೊತ್ತಾಗಬಾರದು ಅಂತ ಮತ್ತೆ ಕಟ್ತಾರೆ. ಒಳ್ಳೇ ಕೆಲಸ ಮಾಡೋರು ಕದ್ದು ಯಾಕೆ ಮಾಡ್ತಾರೆ? ಅಮ್ಮನ ಸೀರೆ ಹೋಯ್ತು, ಅಮ್ಮನ ಮಂಚದಲ್ಲಿ ಬೇರೆಯವರು ಮಲಗಿದ್ರು, ಅದಕ್ಕೆಲ್ಲ ನಾನು ಒಂದು ಅಕ್ಷರ ಬರೆದವಳಲ್ಲ, ಹಲ್ಲು ಕಚ್ಚಿ ಕೂತಿದ್ದೆ. ಒಂದು ಹಿಡಿ ಸೊಪ್ಪನ್ನೂ ಬಿಡಬಾರದಾ ಅವರು?

ನೀನು ಬಾಯಿ ತೆಗೆದು ಏನಿಲ್ಲ ಅಂದ್ಯಲ್ಲ, ಅದಕ್ಕೇ ಅವರಿಗೆ ಧೈರ್ಯ. ಇನ್ನೊಂದು ಸಲ ಬಾಯಿ ತೆಗಿ, ಈ ಸಲ ಮುಚ್ಚಬೇಡ.

ನಿನ್ನ ಮಗಳು


ಮೇ 19

ಮಗಳೇ,

ಕೇಳಬೇಕಾಗಿ ಬರಲಿಲ್ಲ. ನಿನ್ನ ಚಿಕ್ಕಮ್ಮ ಅಕ್ಕನ ಮನೆಗೆ ಹೋದಳು. ಅಕ್ಕನಿಗೆ ಮಂಡಿ ನೋವು, ನೋಡ್ಕೊಳ್ಳೋರಿಲ್ಲ ಅಂದಳು. ಎಷ್ಟು ದಿನ ಅಂದೆ. ನೋಡೋಣ ಅಂದಳು. ಬೀರುವಿನಲ್ಲಿ ಅವಳ ಬಟ್ಟೆ ಇಲ್ಲ.

ಹೊರಡುವಾಗ ಹೊಸಿಲ ಹತ್ತಿರ ನಿಂತು, ಪುದೀನಕ್ಕೆ ನೀರು ಹಾಕೋದು ಮರೀಬೇಡಿ ಅಂದಳು. ದೊಡ್ಡಪತ್ರೆ ವಿಷಯ ಎತ್ತಲಿಲ್ಲ.

ನಿನ್ನಪ್ಪ


ಜೂನ್ 8

ಮಗಳೇ,

ದೊಡ್ಡಪತ್ರೆ ಚಿಗುರಿದೆ. ಕಂದು ಕಾಂಡದ ಪಕ್ಕದಲ್ಲೇ ಎರಡು ಕುಡಿ, ಹಸಿರು ಹಸಿರು. ಒಂದು ಎಲೆ ಉಜ್ಜಿ ಮೂಸಿದೆ, ನಿನಗೆ ಕೆಮ್ಮು ಬಂದಾಗ ನಿಮ್ಮಮ್ಮ ಹಿಂಡ್ತಿದ್ದ ರಸದ ವಾಸನೆ ಹಾಗೇ ಇದೆ.

ನಿನಗೆ ಸಂತೋಷ ಆಗುತ್ತೆ ಅಂತ ಬರೆದೆ. ನನಗೂ ಆಗಬೇಕಿತ್ತು. ಅವಳಿಗೂ ಎರಡು ಸಾಲು ಬರೆದೆ, ಗಿಡ ಚಿಗುರಿದೆ ಅಂತ. ಬೇರೆ ಏನು ಬರೀಬೇಕೋ ಹೊಳೀಲಿಲ್ಲ.

ಒಬ್ಬನಿಗೆ ಅಡುಗೆ ಮಾಡ್ಕೊಳ್ಳೋಕೆ ಬೇಜಾರು. ಕೊತ್ತಂಬರಿ ಹೂ ಬಿಟ್ಟಿದೆ, ಕೊಯ್ಯೋರಿಲ್ಲ.

ನಿನ್ನಪ್ಪ


ಜೂನ್ 14

ಅಪ್ಪಾ,

ನೋಡಿದ್ಯಾ? ಅವರು ಅತ್ತ ಹೋದರು, ಗಿಡ ಇತ್ತ ಚಿಗುರಿತು. ಇನ್ನು ಯಾವ ಸಾಕ್ಷಿ ಬೇಕು ನಿನಗೆ? ನಾನು ಹೊಟ್ಟೆಕಿಚ್ಚಿಗೆ ಹೇಳ್ತಿದ್ದೀನಿ ಅಂದ್ಕೊಂಡಿದ್ಯಲ್ಲ.

ಮುಂದಿನ ತಿಂಗಳು ನಾಲ್ಕು ದಿನ ರಜ ಕೇಳಿದ್ದೀನಿ. ಬರ್ತೀನಿ. ಕೊತ್ತಂಬರಿ ಹೂ ಕೀಳಬೇಡ, ಬೀಜ ಆಗಲಿ, ಅದನ್ನೇ ಮತ್ತೆ ಹಾಕಬಹುದು. ಅಮ್ಮನ ಕೋಣೆ ಗುಡಿಸಿಡು.

ಮೆಣಸಿನಕಾಯಿ


ಜೂನ್ 17

ಇವರ ಮಗಳಿಗೆ,

ನಿಮ್ಮನ್ನ ಏನಂತ ಕರೀಬೇಕೋ ನನಗೆ ಗೊತ್ತಿಲ್ಲ. ನಾವಿಬ್ಬರೂ ಎದುರುಬದುರು ಕೂತು ಒಂದು ಲೋಟ ಟೀ ಕುಡಿದವರಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ನೀವು ಇಟ್ಟುಬಿಡ್ತಿದ್ರಿ, ಅಷ್ಟೇ ಪರಿಚಯ. ಅಕ್ಕನ ಮನೆಯಿಂದ ಬರೀತಿದ್ದೀನಿ. ಅಕ್ಕನ ಮಂಡಿ ಚೆನ್ನಾಗೇ ಇದೆ.

ನಿಮ್ಮಪ್ಪ ಕಿಟಕಿಗೆ ಕಟ್ಟಿದ ದಾರ ನನ್ನ ಉಂಡೆಯದು. ಪುಸ್ತಕ ಹೊಲಿಯೋಕೆ ನಾವೇ ಮೇಣ ಹಚ್ಚಿ ಇಟ್ಕೊಳ್ಳೋ ದಾರ, ಕತ್ತಲಲ್ಲಿ ಮುಟ್ಟಿದರೂ ನನಗೆ ಗುರುತು ಸಿಗುತ್ತೆ. ಮೊದಲ ದಿನ, ಗಾಳಿಗೆ ಬಾಗಿಲು ಬಡಿಯುತ್ತೆ ಅಂತ ಕಟ್ಟಿರಬೇಕು ಅಂದ್ಕೊಂಡು, ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ ನೋಡಿದರೆ ಅವರ ಗಂಟು ಬಂದಿತ್ತು. ಇನ್ನೊಂದು ಸಲವೂ ಬಂತು. ಆಗ ಅರ್ಥವಾಯ್ತು, ಇದು ಗಾಳಿಗೆ ಕಟ್ಟಿದ್ದಲ್ಲ, ಮನೆಯೊಳಗಿನ ಕಳ್ಳರಿಗೆ ಕಟ್ಟಿದ್ದು ಅಂತ. ಆ ಮನುಷ್ಯನಿಗೆ ತಾನಾಗಿ ಇಂಥದ್ದು ಹೊಳೆಯಲ್ಲ. ಯಾರು ಹೇಳಿಕೊಟ್ಟರು ಅಂತ ನಾನು ಕೇಳಲಿಲ್ಲ. ಕತ್ತರಿ ಕೈಯಲ್ಲೇ ಇತ್ತು, ಕತ್ತರಿಸಿ ಬಿಸಾಡಬಹುದಿತ್ತು. ಅವತ್ತೂ ನೀರು ಹಾಕಿ, ಬಾಗಿಲು ಮುಚ್ಚಿ, ಕಟ್ಟಿಯೇ ಹೋದೆ.

ನಾನು ಹಾಕಿದ್ದು ನೀರು, ನಲ್ಲಿ ನೀರು. ದಿನ ಬಿಟ್ಟು ದಿನ ಒಂದು ಲೋಟ, ಗೋಡೆ ಮೇಲೆ ನೀವು ಬರೆದ ಹಾಗೆ. ನಿಮ್ಮಪ್ಪ ದಿನಾ ಸಂಜೆ ಆ ಕಿಟಕಿ ಗಾಜಿನ ಈಚೆ ನಿಂತು ಗಿಡ ನೋಡ್ತಾರೆ, ಬಾಗಿಲು ತೆಗೆಯಲ್ಲ. ಬೆಳಿಗ್ಗೆ ನಾನು ಬೆರಳಿಟ್ಟರೆ ಮಣ್ಣು ಒಣಗಿರ್ತಿತ್ತು. ಪಾಪ, ಮುಟ್ಟೋಕೆ ಸಂಕಟ ಆಗ್ತಿರಬೇಕು ಅಂದ್ಕೊಂಡೆ. ಅವರ ಎದುರಿಗೆ ಹಾಕಿದರೆ, ಅವಳ ಗಿಡಕ್ಕೂ ಇವಳು ಕೈ ಹಾಕಿದಳು ಅಂತ ಆಗುತ್ತೆ. ಅದಕ್ಕೇ ಅವರು ಏಳೋಕೆ ಮುಂಚೆ.

ಅಷ್ಟಕ್ಕೂ ನನಗೇನು ಬಂದಿತ್ತು ಅಂತ ಕೇಳಬಹುದು. ಆ ಕಾಗದ ಅಂಟಿಸಿದವಳು ನಾನು. ಕೊನೆಗೆ ಮಡಚಿದ್ದ ಸಾಲು ಗೋಂದು ಹಚ್ಚುವಾಗ ಬಿಚ್ಚಿಕೊಂಡಿತು. ಗಿಡ ಸತ್ತರೆ ನೀವು ಹೊಸಿಲು ತುಳಿಯಲ್ಲ ಅಂತ ಇತ್ತು. ಬಾಗಿಲ ಕಡೆ ಯಾರ ಹೆಜ್ಜೆ ಬಿದ್ದರೂ ನೀವೇ ಬಂದ್ರಿ ಅಂತ ನಿಮ್ಮಪ್ಪ ತಲೆ ಎತ್ತುತ್ತಾರೆ. ಕಿವಿ ಕೇಳದೆ ಇರೋರಿಗೆ ಅದೊಂದು ಹೆಜ್ಜೆ ಹೇಗೆ ಕೇಳುತ್ತೋ. ನೀವು ಬರಲಿ ಅಂತಲೇ ನೀರು ಹಾಕಿದೆ.

ನಾನು ಈಚೆ ಬಂದ ಮೇಲೆ ಗಿಡ ಚಿಗುರಿದೆ ಅಂತ ಬರೆದಿದ್ದಾರೆ. ಒಳ್ಳೇದಾಯ್ತು. ನನ್ನ ಕೈಗುಣ ಸರಿಯಿಲ್ಲ ಅಂತ ಇಟ್ಕೊಳ್ಳಿ. ಉತ್ತರ ಬೇಡ.

ನಿಮ್ಮಪ್ಪನನ್ನು ಮದುವೆಯಾದವಳು


ಜೂನ್ 21

ಅಪ್ಪಾ,

ಎರಡೇ ಪ್ರಶ್ನೆ. ಅಮ್ಮನ ಗಿಡಕ್ಕೆ ನೀನು ನೀರು ಹಾಕ್ತಿದ್ದೆಯಾ, ಹಾಕಿದ್ರೆ ಯಾವಾಗ? ಪಾತ್ರೆ ತಳದಲ್ಲಿ ತೂತು ಇದೆಯಾ, ಇಲ್ವಾ? ಬೀಗದ ಕಥೆ ಬೇಡ.

ಮಗಳು


ಜೂನ್ 26

ಮಗಳೇ,

ಹಾಕ್ತಿದ್ದೆ. ಮೊದಲಿಂದಲೂ ದಿನ ಬಿಟ್ಟು ದಿನ ಒಂದು ಲೋಟ, ಮಧ್ಯಾಹ್ನ, ಅವಳು ಕೆಲಸಕ್ಕೆ ಹೋದ ಮೇಲೆ. ಅವಳ ಕಣ್ಣೆದುರು ನಿಮ್ಮಮ್ಮನ ಗಿಡಕ್ಕೆ ಉಪಚಾರ ಮಾಡೋದು ಯಾಕೋ ಸರಿ ಕಾಣಲಿಲ್ಲ. ಅವಳು ನೊಂದುಕೊಳ್ಳೋದು ಬೇಡ ಅಂತ.

ತೂತು ಇಲ್ಲ.

ಪಾತ್ರೆ ಬೋರಲು ಹಾಕ್ಕೊಂಡು ಡ್ರಿಲ್ ಹಿಡಿದಿದ್ದೆ. ತಳದಲ್ಲಿ ನಿಮ್ಮಮ್ಮ ಉಜ್ಜಿ ಉಜ್ಜಿ ಸವೆದ ಗೆರೆ ಇತ್ತು, ದುಂಡಗೆ, ಅವಳ ಕೈ ತಿರುಗಿದ ಹಾಗೇ. ಬ್ಯಾಂಕಿನವರ ತಿಜೋರಿ ಕೊರೆದವನು ನಾನು, ಅದನ್ನ ಕೊರೆಯೋಕೆ ಕೈ ಏಳಲಿಲ್ಲ. ನಿನಗೆ ಹೇಳಿದರೆ ಬೈತೀಯ ಅಂತ ಮಾತು ತೇಲಿಸಿದೆ.

ಯಾಕೆ ಕೇಳಿದೆ? ಹೇಳು. ಬೇಗ ಬರಿ.

ನಿನ್ನಪ್ಪ


ಜುಲೈ 1

ಚಿಕ್ಕಮ್ಮ,

ಉತ್ತರ ಬೇಡ ಅಂದಿದ್ದೀರಿ. ಬರೀದೆ ಇರೋಕೆ ಆಗಲಿಲ್ಲ.

ಗಿಡವನ್ನ ಕೆಡಿಸಿದ್ದು ನಿಮ್ಮ ಕೈಗುಣ ಅಲ್ಲ. ಬೆಳಿಗ್ಗೆ ನೀವು ಒಂದು ಲೋಟ ಹಾಕ್ತಿದ್ರಿ, ಮಧ್ಯಾಹ್ನ ಅಪ್ಪ ಇನ್ನೊಂದು ಲೋಟ. ಇಬ್ಬರೂ ಗೋಡೆ ಮೇಲಿನ ನನ್ನ ಮಾತನ್ನ ಚಾಚೂ ತಪ್ಪದೆ ಪಾಲಿಸಿದ್ರಿ, ಇಬ್ಬರೂ ಒಬ್ಬರಿಗೊಬ್ಬರು ನೋವಾಗದಿರಲಿ ಅಂತ ಕದ್ದು ಪಾಲಿಸಿದ್ರಿ. ಪಾತ್ರೆ ತಳಕ್ಕೆ ತೂತು ಇರಲಿಲ್ಲ. ಅಮ್ಮನ ಪಾತ್ರೆ ಅಂತ ಅಪ್ಪನಿಗೆ ಕೊರೆಯೋಕೆ ಮನಸ್ಸಾಗಲಿಲ್ಲವಂತೆ. ಬಿಸಿಲಿಗೆ ಮೇಲಿನ ಮಣ್ಣು ಒಣಗುತ್ತೆ, ಬೆರಳಿಟ್ಟರೆ ಒಣಗಿದೆ ಅಂತಲೇ ಅನಿಸುತ್ತೆ, ಕೆಳಗೆ ನೀರು ನಿಂತು ಬೇರು ಕೊಳೀತಿರುತ್ತೆ. ನೀವು ಹೋದ ಮೇಲೆ ಒಂದು ಲೋಟ ಕಡಿಮೆ ಆಯ್ತು, ಅದಕ್ಕೇ ಚಿಗುರಿದ್ದು. ಹುಳಿ ವಾಸನೆ ಅಂತ ಅಪ್ಪ ಬರೆದಾಗಲೇ ನನಗೆ ಗೊತ್ತಾಗಬೇಕಿತ್ತು. ಕೊಳೆತ ಬೇರಿನ ವಾಸನೆ ನನಗೆ ಹೊಸದಲ್ಲ. ನನಗೆ ಬೇರೆ ಏನೋ ಕಾಣಬೇಕಿತ್ತು, ಅದೇ ಕಂಡಿತು.

ನನ್ನ ಅಡುಗೆಮನೆಯಲ್ಲಿ ಉಪ್ಪು ಹಾಕೋದು ನಾನೊಬ್ಬಳೇ. ಎರಡು ಕೈ ಉಪ್ಪು ಬಿದ್ದು ಒಮ್ಮೆ ಇಡೀ ಹಂಡೆ ಚೆಲ್ಲಿದ್ವಿ, ಅವತ್ತಿಂದ ಈ ನಿಯಮ. ಉಪ್ಪು ಹಾಕಿದವರಲ್ಲಿ ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಆ ಕಥೆಯನ್ನ ಅಪ್ಪನಿಗೆ ಬರೆಯುವಾಗ, ಯಾರ ಕೈ ಅಂತ ಗೊತ್ತಾಗಬೇಕು ಅಂತ ಮಾತ್ರ ಬರೆದೆ. ಎರಡು ಕೈ ಅಂತ ಬರೀಲಿಲ್ಲ.

ದಾರ ಕಟ್ಟು ಅಂದವಳು ನಾನು. ಆ ಮನುಷ್ಯನಿಗೆ ತಾನಾಗಿ ಹೊಳೆಯಲ್ಲ ಅಂತ ಬರೆದಿದ್ದೀರಲ್ಲ, ಅದು ಸರಿ. ಮನೆಯೊಳಗಿನ ಕಳ್ಳರಿಗೆ ಅಂತ ನೀವು ಬರೆದ ಸಾಲು ಓದಿ ಒಲೆ ಮುಂದೆ ನಿಂತೇ ಅತ್ತೆ. ಈರುಳ್ಳಿ ಅಂದೆ, ಯಾರೂ ನಂಬಲಿಲ್ಲ, ಅವತ್ತು ಈರುಳ್ಳಿ ಹೆಚ್ಚಿರಲೇ ಇಲ್ಲ. ತಪ್ಪಾಯ್ತು.

ಮನೆಗೆ ಹೋಗಿ. ಆ ಪಾತ್ರೆಗೆ ತೂತು ಬೀಳದಿದ್ರೆ ಗಿಡ ಮತ್ತೆ ಕೊಳೆಯುತ್ತೆ, ಅಪ್ಪನೊಬ್ಬನ ಕೈಲಿ ಅದು ಆಗಲ್ಲ. ನೀವು ಪಾತ್ರೆ ಹಿಡ್ಕೊಂಡ್ರೆ ಆಗಬಹುದು. ನೀರು ಯಾರಾದರೂ ಒಬ್ಬರು ಹಾಕಿ. ನಾನು ಬರ್ತೀನಿ ಅಂತ ಅಪ್ಪನಿಗೆ ಬರೆದಿದ್ದೆ, ಈಗ ಯಾವ ಮುಖ ಇಟ್ಕೊಂಡು ಬರಲಿ? ರಜ ಬೇಡ ಅಂತ ಹೇಳಿಬಿಟ್ಟೆ.

ನಿಮ್ಮ ಮನೆಯ ಮಗಳು


ಜುಲೈ 12

ಮಗಳೇ,

ಮನೆಗೆ ಬಂದೆ. ನಿಮ್ಮಪ್ಪ ಬಾಗಿಲು ತೆಗೆದು, ಅಕ್ಕನ ಮಂಡಿ ಹೇಗಿದೆ ಅಂತ ಕೇಳಿದರು. ನಿಮ್ಮ ಕಿವಿಯಷ್ಟೇ ಚೆನ್ನಾಗಿದೆ ಅಂದೆ. ಅವರಿಗೆ ಕೇಳಿಸಲಿಲ್ಲ, ಒಳ್ಳೇದಾಯ್ತು ಅಂದರು.

ನಿನ್ನೆ ಕೊರೆದೆವು. ಗಿಡವನ್ನ ಮಣ್ಣು ಸಮೇತ ಮೆಲ್ಲಗೆ ಆಚೆ ತೆಗೆದಿಟ್ಟೆ. ಪಾತ್ರೆ ತಳದಲ್ಲಿ ಕಪ್ಪು ನೀರು ನಿಂತಿತ್ತು, ನಾತ ಹೊಡೀತಿತ್ತು. ಚೆಲ್ಲಿ, ತೊಳೆದು, ಬೋರಲು ಹಾಕಿ ನಾನು ಗಟ್ಟಿಯಾಗಿ ಹಿಡ್ಕೊಂಡೆ. ನಿಮ್ಮಮ್ಮ ಉಜ್ಜಿದ ಗೆರೆ ನೋಡಿದೆ. ಅಂಚಿನ ಕಡೆ ಕೊರೀರಿ, ಗೆರೆ ಇರಲಿ ಅಂದೆ. ಅವರಿಗೆ ಅದು ಮಾತ್ರ ಕೇಳಿಸಿತು. ನಾಲ್ಕು ತೂತು ಬಿದ್ದವು. ಮುಗಿದ ಮೇಲೆ ಗೆರೆ ಮೇಲೆ ಬಿದ್ದ ಪುಡಿಯನ್ನ ಬೆರಳಿಂದ ಒರೆಸಿದರು. ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣು ಹಾಕಿ, ಮತ್ತೆ ನೆಟ್ಟೆವು. ನೀರು ಹಾಕೋದು ಅವರು, ಪಾತ್ರೆ ತಟ್ಟೆಯಲ್ಲಿ ನೀರು ಇಳಿದಿದ್ಯಾ ಅಂತ ನೋಡೋದು ನಾನು, ಇಬ್ಬರೂ ಎದುರೆದುರೇ. ನೀನು ಬರೀ ನೋಡೋದು, ಸುಲಭದ ಕೆಲಸ ನಿನಗೆ ಅಂತ ಆಗಲೇ ಒಂದು ಸಲ ಅಂದಿದ್ದಾರೆ.

ಗಿಡ ಈಗ ಊಟದ ಮೇಜಿನ ಮೇಲಿದೆ. ಆ ಕಿಟಕಿ ಮುಚ್ಚೇ ಇದೆ, ದಾರ ಕಟ್ಟೇ ಇದೆ. ನಿನ್ನೆ ಗಿಡ ಒಳಗೆ ತಂದ ಮೇಲೆ ನಾನೇ ಮತ್ತೆ ಹಾಕಿದ ಗಂಟು. ನಾನು ಬಂದ ದಿನ ನಿಮ್ಮಪ್ಪ ನಾಚ್ಕೊಂಡು ದಾರವನ್ನ ಬಿಚ್ಚಿ ಬಿಸಾಡೋಕೆ ಹೋದರು, ನಾನು ಬಿಡಲಿಲ್ಲ. ಇನ್ನು ನಾನೂ ಬಿಚ್ಚಲ್ಲ. ಮುಖ ಇಲ್ಲ ಅಂತ ಬರೆದಿದ್ದೀಯ. ಮುಖದ ಕೆಲಸ ಇಲ್ಲಿ ಏನೂ ಇಲ್ಲ, ಬೆರಳಿದ್ರೆ ಸಾಕು. ಕಟ್ಟಿಸಿದವಳು ನೀನು, ನೀನೇ ಬಂದು ಬಿಚ್ಚು.

ಮೇಜಿನ ಮೇಲೆ ಬಿಸಿಲು ಬೀಳಲ್ಲ. ಕುಡಿ ಆಗಲೇ ಉದ್ದುದ್ದ ಎಳೀತಿದೆ. ರಜ ಮತ್ತೆ ಕೇಳು, ತಡ ಮಾಡಬೇಡ.

ನಿನ್ನ ಚಿಕ್ಕಮ್ಮ